ಮೂರು ಮಳೆಗಾಲ ಕಂಡ ಫೋನು: ಬದಲಾಯಿಸೋದಾ, ಇಟ್ಕೊಳ್ಳೋದಾ?

ಯೂಟ್ಯೂಬ್ ತೆಗೆದ್ರೆ ಸಾಕು, ಹೊಸ ಫೋನ್ ಬಾಕ್ಸ್ ಬಿಚ್ಚೋ ವಿಡಿಯೋಗಳೇ. ಸಂಜೆ ಕೈಗೆ ಬಂದ ಫೋನಿಗೆ ಬೆಳಿಗ್ಗೆ ರಿವ್ಯೂ ರೆಡಿ. ಅದೇ ಫೋನು ಎರಡನೇ ಆಷಾಢಕ್ಕೆ ಹೆಂಗಿರುತ್ತೆ ಅಂತ ಮಾತ್ರ ಒಬ್ರೂ ಹೇಳಲ್ಲ ಮಾರಾಯ್ರೆ. ನಾನಿರೋದು ತೀರ್ಥಹಳ್ಳಿ ಕಡೆ, ಇಲ್ಲಿ ಜೂನಲ್ಲಿ ಶುರುವಾದ ಮಳೆ ಗದ್ದೆ ನಟ್ಟಿ ಮುಗಿದ್ರೂ ಬಿಡಲ್ಲ, ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಲೈನ್‌ಮನ್‌ಗೂ ಗೊತ್ತಿರಲ್ಲ, ನೆಟ್‌ವರ್ಕ್ ಬೇಕಂದ್ರೆ ಅಂಗಳದ ತುದಿಗೆ ಬರಬೇಕು. ಇಂಥ ಜಾಗದಲ್ಲಿ ಇಪ್ಪತ್ ಸಾವಿರದೊಳಗಿನ ಒಂದು ಸಾಧಾರಣ 5ಜಿ ಫೋನು ಮೂರು ಮಳೆಗಾಲ ಬಾಳಿದೆ, ಅದರ ಕತೆ ಇದು. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಈ ಬೆಲೇಲಿ ನಾಲ್ಕೈದು ಬ್ರಾಂಡಿನ ಫೋನುಗಳ ಒಳಗಿರೋ ಸಾಮಾನು ಹೆಚ್ಚುಕಮ್ಮಿ ಒಂದೇ: 6 ಜಿಬಿ ರ್‍ಯಾಮ್, 128 ಜಿಬಿ ಸ್ಟೋರೇಜ್, 5000 ಎಂಎಎಚ್ ಬ್ಯಾಟರಿ, ಅಮೋಲೆಡ್ ಸ್ಕ್ರೀನು.

ಮೊದ್ಲು ಹೇಳಿಬಿಡ್ತೀನಿ, ಫೋನ್ ಹಳೇದಾಗೋದು ಪ್ರೊಸೆಸರ್‌ನಿಂದ ಅಲ್ಲ. ತಗೊಳ್ಳೋವಾಗ ಎಲ್ಲರೂ ತಲೆ ಕೆಡಿಸ್ಕೊಳ್ಳೋದು ಅದೊಂದಕ್ಕೇ, ಆದ್ರೆ ಇವತ್ತಿಗೂ ಫೋನ್‌ಪೇ, ವಾಟ್ಸಾಪ್, ಮ್ಯಾಪ್, ಅಡಿಕೆ ಧಾರಣೆ ನೋಡೋದು, ಯಾವುದಕ್ಕೂ ಅದು ಸಾಲದೆ ಬಂದಿಲ್ಲ. ಸೋತಿದ್ದು ಬ್ಯಾಟರಿ, ಚಾರ್ಜಿಂಗ್ ಪೋರ್ಟ್, ತುಂಬಿ ತುಳುಕಿದ ಸ್ಟೋರೇಜ್. ಮೂರಕ್ಕೂ ಮದ್ದಿದೆ.

ಬ್ಯಾಟರಿ ಎರಡು ವರ್ಷದ ತನಕ ಸರಿಯಾಗೇ ಇತ್ತು, ಆಮೇಲೆ ಮಧ್ಯಾಹ್ನ ಊಟದ ಹೊತ್ತಿಗೇ ಕೆಂಪು ತೋರಿಸೋಕೆ ಶುರು. ಲಿಥಿಯಂ ಅಯಾನ್ ಬ್ಯಾಟರಿಗೆ ಆಗದೇ ಇರೋದು ಎರಡು, ಒಂದು ಬಿಸಿ, ಇನ್ನೊಂದು ಪೂರ್ತಿ ನೂರು ತುಂಬಿಸಿ ಹಂಗೇ ಗಂಟೆಗಟ್ಟಲೆ ಇಡೋದು. ಈಗ ಬಹಳಷ್ಟು ಫೋನಲ್ಲಿ ಬ್ಯಾಟರಿ ಸೆಟ್ಟಿಂಗ್ ಒಳಗೆ 80 ಪರ್ಸೆಂಟಿಗೆ ಚಾರ್ಜ್ ನಿಲ್ಲಿಸೋ ಆಯ್ಕೆ ಇರುತ್ತೆ, ಅದನ್ನ ಆನ್ ಮಾಡಿಡಿ, ಪ್ರಯಾಣ ಇದ್ದ ದಿನ ಮಾತ್ರ ತೆಗೀರಿ. ನಮ್ಮಲ್ಲಿ ಮಳೆಗಾಲಕ್ಕೆ ಇದು ನಡೆಯಲ್ಲ ಬಿಡಿ, ಕರೆಂಟ್ ಇದ್ದಾಗ ಸಿಕ್ಕಷ್ಟು ತುಂಬಿಸ್ಕೋಬೇಕು, ಇಲ್ಲಾಂದ್ರೆ ಇನ್ವರ್ಟರ್ ಸತ್ತ ಮೇಲೆ ಪಕ್ಕದ ಮನೆ ಜೀಪಲ್ಲಿ ಚಾರ್ಜ್ ಹಾಕೋ ಗತಿ.

ಬ್ಯಾಟರಿ ಕುಡಿಯೋ ಇನ್ನೊಂದು ಕಳ್ಳ ಅಂದ್ರೆ ಸಿಗ್ನಲ್. ಟವರ್ ದೂರ ಇದ್ದಾಗ ಫೋನು ಜೋರಾಗಿ ಕೂಗ್ತಾನೇ ಇರುತ್ತೆ, 5ಜಿ ಒಂದು ಗೆರೆ ಬಂದು ಹೋಗಿ ಬಂದು ಹೋಗಿ ಮಾಡಿದ್ರೆ ಸುಮ್ನೆ ಕೂತ್ರೂ ಚಾರ್ಜ್ ಇಳಿಯುತ್ತೆ. ನಾನು ಮನೇಲಿದ್ದಾಗ ಸಿಮ್ ಸೆಟ್ಟಿಂಗಲ್ಲಿ 4ಜಿಗೆ ಇಟ್ಟು, ಫೈಬರ್ ವೈಫೈ ಇರೋದ್ರಿಂದ ವೈಫೈ ಕಾಲಿಂಗ್, ಅಂದ್ರೆ ಟವರ್ ಬದಲು ವೈಫೈ ಮೇಲೇ ಕರೆ ಹೋಗೋ ಸೆಟ್ಟಿಂಗ್, ಆನ್ ಮಾಡಿದೀನಿ. ಅಂಗಳದ ತುದಿಗೆ ಛತ್ರಿ ಹಿಡ್ಕೊಂಡು ಓಡೋದು ತಪ್ಪಿತು. ಇದೊಂದು ಸೆಟ್ಟಿಂಗ್ ಇನ್ನೂ ಎಷ್ಟೋ ಮನೇಲಿ ಆಫ್ ಆಗೇ ಕೂತಿದೆ, ಕೇಳಿದ್ರೆ "ಹಂಗಂದ್ರೇನು" ಅಂತಾರೆ.

ಕೊನೆಗೆ ಬ್ಯಾಟರಿ ಬದಲಾಯಿಸಿದ್ದು ಶಿವಮೊಗ್ಗದ ಸರ್ವಿಸ್ ಸೆಂಟರಲ್ಲಿ. ಊರಿನ ಅಂಗಡೀಲಿ ಅರ್ಧ ದುಡ್ಡಿಗೆ ಆಗ್ತಿತ್ತು, ಆದ್ರೆ ಡೂಪ್ಲಿಕೇಟ್ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ಬಂದಿದ್ದ ಫೋನ್ ಕಣ್ಣಾರೆ ನೋಡಿದ್ದೆ, ಆ ರಿಸ್ಕ್ ಬೇಡ ಅನ್ನಿಸ್ತು. ಎರಡು ಸಾವಿರದೊಳಗೆ ಮುಗೀತು, ಫೋನ್ ಮತ್ತೆ ರಾತ್ರಿ ತನಕ ಬರ್ತಿದೆ. ಒಂದು ಮಾತು ನೆನಪಿರಲಿ, ಒಂದ್ಸಲ ಬಿಚ್ಚಿದ ಫೋನಿನ ಅಂಟು ಮೊದಲಿನ ಹಾಗೆ ಕೂರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ನೀರಿಗೆ ತಡೆಯುತ್ತೆ ಅನ್ನೋ ಭರವಸೆ ಅಲ್ಲಿಗೆ ಬಿಡಬೇಕು. ನೀರು, ಧೂಳು ತಡೆಯೋ ರೇಟಿಂಗ್ ನಂದು ಐಪಿ54, ನೀರಿನ ಲೆಕ್ಕದಲ್ಲಿ ಅದು ಹೆಂಗೂ ಎರಚಲಿಗೆ ಮಾತ್ರ, ಮುಳುಗಿಸೋಕಲ್ಲ.

ಇನ್ನು ಪೋರ್ಟ್. ಮಳೆಗಾಲದಲ್ಲಿ ಕೇಬಲ್ ಚುಚ್ಚಿದ ತಕ್ಷಣ "ತೇವಾಂಶ ಇದೆ" ಅಂತ ಎಚ್ಚರಿಕೆ ಬಂದು ಚಾರ್ಜೇ ಆಗ್ತಿರ್ಲಿಲ್ಲ, ನೀರಿಗೆ ಬಿದ್ದೂ ಇರ್ಲಿಲ್ಲ, ಬರೀ ಅಂಗಿ ಜೇಬಿನ ಥಂಡಿ. ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಗೆ ಇಟ್ರೆ ಸರಿ ಹೋಗುತ್ತೆ. ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿಯ ಸಣ್ಣ ಚೂರು ಒಳಗೆ ಹೋಗಿ ಕೆಡಿಸುತ್ತೆ ಅಂತ ಆಪಲ್‌ನವರೇ ತಮ್ಮ ಸಪೋರ್ಟ್ ಪೇಜಲ್ಲಿ ಬರೆದಿದಾರೆ. ನಮ್ಮ ಅಪ್ಪಯ್ಯನ ಉಪಾಯ ಇನ್ನೂ ಭಯಂಕರ, ಬಚ್ಚಲ ಹಂಡೆ ಒಲೆ ದಂಡೆ ಮೇಲೆ ಒಣಗಿಸೋದು, ಅದಂತೂ ಬ್ಯಾಟರಿಗೆ ನೇರವಾಗಿ ವಿಷ. ಮತ್ತೆ ಕೇಬಲ್ ಪೂರ್ತಿ ಒಳಗೆ ಹೋಗದೆ ಅಲ್ಲಾಡ್ತಿದ್ರೆ ಪೋರ್ಟ್ ಕೆಟ್ಟಿದೆ ಅಂತ ಅಂಗಡಿಗೆ ಓಡೋದು ಬೇಡ. ಟಾರ್ಚ್ ಹಾಕಿ ನೋಡಿ, ಜೇಬಿನ ಹತ್ತಿ ನೂಲು, ಧೂಳು ಗಟ್ಟಿಯಾಗಿ ಮೆತ್ತಿಕೊಂಡಿರುತ್ತೆ. ಫೋನ್ ಆಫ್ ಮಾಡಿ ಮರದ ಟೂತ್‌ಪಿಕ್ ತುದಿಯಿಂದ ಬದಿಗೆ ಕೆರೆದ್ರೆ ಬೂದು ಬಣ್ಣದ ಒಂದು ಉಂಡೆನೇ ಬರುತ್ತೆ, ನಡುವಿನ ಪಟ್ಟಿ ಮಾತ್ರ ಮುಟ್ಬೇಡಿ. ಪಿನ್ನು, ಸೂಜಿ ಬೇಡವೇ ಬೇಡ.

ಫಿಂಗರ್‌ಪ್ರಿಂಟ್ ಬಗ್ಗೆ ಯಾವ ರಿವ್ಯೂನವನೂ ಹೇಳದ ವಿಷಯ ಒಂದಿದೆ, ಅಡಿಕೆ ಬೆಳೆಯೋ ಕಡೆಯವರು ಗಮನಿಸಿ. ಇದರ ಸೆನ್ಸರ್ ಸ್ಕ್ರೀನ್ ಒಳಗಿದೆ, ಬೆರಳ ಮೇಲೆ ಬೆಳಕು ಬಿಟ್ಟು ಚಿತ್ರ ತೆಗೆದು ಹೋಲಿಸೋ ಥರದ್ದು. ಕೊಯ್ಲಿನ ಟೈಮಲ್ಲಿ ಹಸಿ ಅಡಿಕೆ ಸುಲಿದು ಬೆರಳ ತುದಿ ಕರ್‍ರಗಾಗಿ, ಚರ್ಮ ಬಿರಿದು, ಗೆರೆಯೇ ಗೊತ್ತಾಗಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದ್ರೂ ಫೋನ್ ಒಪ್ಪಲ್ಲ. ಅದಕ್ಕೆ ನಾನು ಕೊಯ್ಲು ಶುರುವಾದ ಮೇಲೆ ಅದೇ ಕಪ್ಪು ಬೆರಳನ್ನ ಇನ್ನೊಂದ್ಸಲ ಹೊಸದಾಗಿ ಸೇರಿಸ್ತೀನಿ, ಜೊತೆಗೆ ಎಡಗೈ ಕಿರುಬೆರಳನ್ನೂ, ಅದಕ್ಕೆ ಕೆಲಸ ಕಮ್ಮಿ ನೋಡಿ. ಹೊಸ ಬೆರಳು ಸೇರಿಸಿದ್ರೆ ಕೆಲವು ಬ್ಯಾಂಕ್ ಆಪ್‌ಗಳು ಅನುಮಾನ ಪಟ್ಟು ಮತ್ತೆ ಪಿನ್ ಕೇಳ್ತಾವೆ, ಗಾಬರಿ ಬೇಡ.

ಸ್ಟೋರೇಜ್ ವಿಷಯ ಬೇಗ ಮುಗಿಸ್ತೀನಿ. 128 ಜಿಬಿ ತುಂಬಿಸಿದ್ದು ನಾನಲ್ಲ, ಕುಟುಂಬದ ವಾಟ್ಸಾಪ್ ಗ್ರೂಪು. ಸೂರ್ಯೋದಯ, ಗುಲಾಬಿ, ಶುಭೋದಯ. ವಾಟ್ಸಾಪ್ ಸೆಟ್ಟಿಂಗಲ್ಲಿ ಮ್ಯಾನೇಜ್ ಸ್ಟೋರೇಜ್ ಅಂತಿದೆ, ಅಲ್ಲಿ 5 ಎಂಬಿಗಿಂತ ದೊಡ್ಡವು, ಬಹಳ ಸಲ ಫಾರ್ವರ್ಡ್ ಆದವು ಅಂತ ಬೇರೆ ಬೇರೆ ಗುಂಪು ಮಾಡಿಟ್ಟಿರುತ್ತೆ, ಅಲ್ಲಿಂದ ಅಳಿಸಿ, ಆಟೋ ಡೌನ್‌ಲೋಡ್ ಆಫ್ ಮಾಡಿ. ಹತ್ತು ಪರ್ಸೆಂಟ್ ಜಾಗ ಆದ್ರೂ ಖಾಲಿ ಇರಲಿ, ಫೋನ್ ತೊದಲೋದು ಅರ್ಧ ನಿಲ್ಲುತ್ತೆ. ಕ್ಲೀನರ್ ಆಪ್ ಯಾವುದೂ ಬೇಡ, ಅವೇ ಕಸ.

ಅಪ್ಪಯ್ಯಂಗೆ ಈ ಫೋನಲ್ಲಿ ಇಷ್ಟ ಆಗಿದ್ದು ಒಂದೇ, ಕನ್ನಡದಲ್ಲಿ ಮಾತಾಡಿದ್ರೆ ಟೈಪ್ ಆಗೋದು. ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡಿಗೆ ಕನ್ನಡ ಸೇರಿಸಿ ಮೈಕ್ ಒತ್ತಿದ್ರೆ ಆಯ್ತು. ಮಂಡಿಯವರಿಗೆ ಮೆಸೇಜ್ ಕಳಿಸೋವಾಗ ತೋಟದ ಆಚೆ ದಿಂಬದಲ್ಲಿರೋರಿಗೂ ಕೇಳೋ ಹಾಗೆ ಕೂಗ್ತಾರೆ, ಎಷ್ಟು ಚೀಲ ಅಂತ ಇಡೀ ಕೇರಿಗೆ ಗೊತ್ತಾಗುತ್ತೆ.

ಸೇಫ್ಟಿಗೆ ಸಂಬಂಧಪಟ್ಟಿದ್ದು ಒಂದೆರಡು, ಇದು ಯಾವ ಫೋನಿದ್ರೂ ಮಾಡಿ. ಸಿಮ್‌ಗೆ ಪಿನ್ ಹಾಕಿ. ಫೋನಿಗೆ ಎಷ್ಟೇ ಲಾಕ್ ಇದ್ರೂ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದ್ರೆ ಒಟಿಪಿ ಎಲ್ಲಾ ಅವನಿಗೇ, ಸಿಮ್ ಪಿನ್ ಇದ್ರೆ ಆ ಆಟ ನಡೆಯಲ್ಲ. ಮೂರ್ ಸಲ ತಪ್ಪು ಒತ್ತಿದ್ರೆ ಸಿಮ್ ಲಾಕ್ ಆಗಿ, ಬಿಡಿಸೋಕೆ ಪಿಯುಕೆ ಅನ್ನೋ ಇನ್ನೊಂದು ಕೋಡ್ ಕೇಳುತ್ತೆ, ಅದಕ್ಕೇ ಮೊದಲು ನಿಮ್ಮ ಸಿಮ್ ಕಂಪನಿಯ ಡೀಫಾಲ್ಟ್ ಪಿನ್ ತಿಳ್ಕೊಂಡು ಆಮೇಲೆ ಬದಲಾಯಿಸಿ. *#06# ಒತ್ತಿದ್ರೆ ಬರೋ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರನ್ನ ಪಂಚಾಂಗದ ಹಿಂದೆ ಬೇಕಾದ್ರೂ ಬರೆದಿಡಿ, ಫೋನ್ ಕಳೆದ್ರೆ ಪೊಲೀಸ್ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ಪೋರ್ಟಲಲ್ಲಿ ಬ್ಲಾಕ್ ಮಾಡಿಸೋಕೆ ಅದೇ ಬೇಕು. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ಹೊಸದಾಗಿ ಬರ್ತಿರೋವುಗಳ ಮಾತು. ತೆಳ್ಳಗಿನ ಫೋನ್ ಅಂತ ಒಂದು ಹುಚ್ಚು ಹತ್ತಿದೆ, 2025ರಲ್ಲಿ ಬಂದ ಐಫೋನ್ ಏರ್ 5.6 ಮಿಲಿಮೀಟರ್ ದಪ್ಪ, ಚೆಂದ ಇದೆ, ಆದ್ರೆ ನಮ್ಮೂರಿಗಲ್ಲ. ನನ್ನ ಕಣ್ಣಿರೋದು ಸಿಲಿಕಾನ್ ಕಾರ್ಬನ್ ಬ್ಯಾಟರಿ ಮೇಲೆ. ಬ್ಯಾಟರಿ ಒಳಗಿನ ಗ್ರಾಫೈಟ್ ಜಾಗಕ್ಕೆ ಸ್ವಲ್ಪ ಸಿಲಿಕಾನ್ ಸೇರಿಸಿದ್ರೆ ಅಷ್ಟೇ ಗಾತ್ರದಲ್ಲಿ ಜಾಸ್ತಿ ಚಾರ್ಜ್ ಹಿಡಿಯುತ್ತೆ, ಹಂಗಾಗೇ ಒನ್‌ಪ್ಲಸ್ 15ರಲ್ಲಿ 7300 ಎಂಎಎಚ್ ಕೂರಿಸಿದಾರೆ. ಸಿಲಿಕಾನ್ ಚಾರ್ಜ್ ಆಗೋವಾಗ ಹಿಗ್ಗುತ್ತೆ, ಅದನ್ನ ಹತೋಟೀಲಿಡೋಕೇ ಕಾರ್ಬನ್ ಜೊತೆ ಬೆರೆಸೋದು. ಎರಡು ದಿನ ಕರೆಂಟ್ ಇಲ್ಲದ ಊರಿಗೆ ಇದಕ್ಕಿಂತ ದೊಡ್ಡ ಫೀಚರ್ ಇನ್ನೊಂದಿಲ್ಲ. ಒಂದು ಎಚ್ಚರ, ಹೊರದೇಶದ ರಿವ್ಯೂ ನೋಡಿ ತೀರ್ಮಾನ ಮಾಡ್ಬೇಡಿ, ಒಂದೇ ಹೆಸರಿನ ಫೋನಿಗೆ ದೇಶಕ್ಕೊಂದು ಬ್ಯಾಟರಿ ಇರುತ್ತೆ. ನಥಿಂಗ್ ಫೋನ್ 3 ಇಂಡಿಯಾದಲ್ಲಿ 5500, ಬೇರೆ ಕಡೆ 5150.

ಆದ್ರೆ ಈಗಲೇ ಕೊಳ್ಳೋ ಆತುರ ನನಗಿಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಎಲ್ಲಾ ಬಾಚ್ಕೊಂಡು ಹೋಗ್ತಿರೋದ್ರಿಂದ ರ್‍ಯಾಮ್ ರೇಟ್ ಏರಿದೆ, ಅದರ ಪೆಟ್ಟು ಮೊದಲು ಬೀಳೋದು ಇಪ್ಪತ್ ಸಾವಿರದೊಳಗಿನ ಫೋನುಗಳಿಗೇ. ಅದೇ ದುಡ್ಡಿಗೆ ಕಮ್ಮಿ ಸಾಮಾನು ಸಿಗೋ ಟೈಮಲ್ಲಿ, ಓಡ್ತಿರೋ ಫೋನ್ ಬಿಡೋದು ಯಾಕೆ. ಕೊಳ್ಳಲೇಬೇಕು ಅನ್ನೋರು ಕ್ಯಾಮೆರಾ ಮೆಗಾಪಿಕ್ಸೆಲ್ ಬಿಟ್ಟು ಅಪ್‌ಡೇಟ್ ಎಷ್ಟು ವರ್ಷ ಕೊಡ್ತಾರೆ ನೋಡಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಬಂದಾಗಿಂದ ದುಬಾರಿ ಫೋನಿಗೆ ಏಳು ವರ್ಷ ಅಂತ ಮಾತು ಕೊಡ್ತಿದಾರೆ, ಅಗ್ಗದ್ದಕ್ಕೆ ಅಷ್ಟು ಸಿಗಲ್ಲ.

ನನ್ನ ಫೋನಿನ ಸೆಕ್ಯುರಿಟಿ ಪ್ಯಾಚ್, ಅಂದ್ರೆ ಸುರಕ್ಷತೆಯ ತೂತು ಮುಚ್ಚೋ ಅಪ್‌ಡೇಟ್, ನಿಲ್ಲೋ ಕಾಲ ಹತ್ರ ಬಂದಿದೆ, ಇದಕ್ಕೆ ಇರೋ ನಿಜವಾದ ಎಕ್ಸ್‌ಪೈರಿ ಡೇಟ್ ಅದೇ. ಅದು ನಿಂತ ಮೇಲೆ ಫೋನ್‌ಪೇ, ಬ್ಯಾಂಕ್ ಆಪ್ ಎಲ್ಲಾ ತೆಗೆದು, ರೀಸೆಟ್ ಹೊಡೆದು, ಸಿಮ್ ಇಲ್ಲದೆ ಬರೀ ವೈಫೈಗೆ ಹಾಕಿ ಅಮ್ಮಂಗೆ ಕೊಡೋದು ಅಂತ ಆಗಿದೆ. ಸ್ಕ್ರೀನ್ ಚೆನ್ನಾಗಿದೆ, ಸ್ಪೀಕರ್ ಜೋರಿದೆ, ಯಕ್ಷಗಾನ ನೋಡೋಕೆ ಧಾರಾಳ ಸಾಕು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಕಳೆದಿದ್ದು ಆ ಫಿಂಗರ್‌ಪ್ರಿಂಟಿಗೆ.