ತೂತಿನ ಪೈಪು, ಜಿಯೋ ಬಟ್ಟೆ: ನಮ್ಮೂರ ವಾಲಿಬಾಲ್ ಅಂಗಳದಲ್ಲಿ ಮೂರು ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ: ನೀರು ಬಸಿದು ಹೋಗಲು ನೆಲದಡಿ ಹೂಳುವ ಈ ತೂತಿನ ಪೈಪು ಒಳ್ಳೆಯದು, ನಾವು ಮೊದಲ ಸಲ ಅದನ್ನು ಹೂತ ಜಾಗ ತಪ್ಪು. ಆ ತಪ್ಪಿನಿಂದ ಊರವರು ಕೊಟ್ಟ ಚಂದಾ ಹಣದಲ್ಲಿ ಇಪ್ಪತ್ತೆರಡು ಸಾವಿರ ರೂಪಾಯಿ ಮಣ್ಣುಪಾಲಾಯಿತು. ಮಲೆನಾಡಿನಲ್ಲಿ ಮೈದಾನ ಮಾಡಲು ಹೊರಟ ಇನ್ನೊಂದು ಯುವಕ ಸಂಘಕ್ಕೆ ಹಾಗಾಗದಿರಲಿ ಎಂದು ಬರೆಯುತ್ತಿದ್ದೇನೆ.

ನಾನು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಊರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ನಮ್ಮ ಅಂಗಳ ಗುಡ್ಡದ ಓರೆಯನ್ನು ಕಡಿದು ಮಾಡಿದ್ದು. ಜೆಸಿಬಿಯ ಬಾಡಿಗೆಯನ್ನು ಒಬ್ಬರು ಕೊಟ್ಟರು, ಉಳಿದದ್ದೆಲ್ಲ ಭಾನುವಾರದ ಶ್ರಮದಾನ. ಒಂದು ಬದಿಗೆ ಆಳೆತ್ತರದ ದರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ಇನ್ನೊಂದು ಬದಿಗೆ ಗದ್ದೆ. ವಾಲಿಬಾಲ್ ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ ಮೂರು ಮೀಟರ್ ಬಿಟ್ಟರೆ 360 ಚದರ ಮೀಟರ್ ಆಗುತ್ತದೆ. ದಿನಕ್ಕೆ 100 ಮಿಲಿಮೀಟರ್ ಮಳೆ ನಮಗೆ ಅಪರೂಪವಲ್ಲ. ಅಷ್ಟು ಸುರಿದರೆ ಅಂಗಳದ ಮೇಲೆ ನೇರ ಬೀಳುವ ನೀರೇ 36,000 ಲೀಟರ್. ದರೆಯಿಂದ ಇಳಿದು ಬರುವುದು ಬೇರೆ.

2015ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವಿನ ಟೆಸ್ಟ್ ಒಂದು ದಿನ ನಡೆದು, ಉಳಿದ ನಾಲ್ಕೂ ದಿನ ಮಳೆಗೆ ಆಹುತಿಯಾದದ್ದು ನಮ್ಮ ಹುಡುಗರಿಗೆ ನೆನಪಿತ್ತು. 2017ರಲ್ಲಿ ಅಲ್ಲಿ ನೆಲದಡಿಯಿಂದಲೇ ನೀರೆಳೆಯುವ ಸಬ್‌ಏರ್ ವ್ಯವಸ್ಥೆ ಬಂದದ್ದೂ ಗೊತ್ತಿತ್ತು. ನಾವೂ ಅಂಗಳದಡಿ ಪೈಪು ಹಾಕೋಣ ಎಂದು ಹಟ ಹಿಡಿದರು, ನಾನೂ ಒಪ್ಪಿದೆ. ಅಲ್ಲಿ ಹುಲ್ಲಿನ ಕೆಳಗಿರುವುದು ಮರಳು, ನಮ್ಮಲ್ಲಿರುವುದು ರೋಲರ್ ಹೊಡೆದು ನೀರು ಸುಲಭವಾಗಿ ಇಳಿಯದಷ್ಟು ಗಟ್ಟಿ ಮಾಡಿದ ಕೆಮ್ಮಣ್ಣು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಪೈಪು ತಂದ ಅಂಗಡಿಯವರು ಜಿಯೋ ಬಟ್ಟೆ (ಮಣ್ಣನ್ನು ತಡೆದು ನೀರನ್ನಷ್ಟೇ ಬಿಡುವ ಬಟ್ಟೆ) ಬೇಡ, ಜಲ್ಲಿ ಸಾಕು ಎಂದರು. ಮೀನಿನ ಮುಳ್ಳಿನ ಹಾಗೆ ಅಂಗಳದಡಿ ಹರಡಿದೆವು. ಪುಷ್ಯ ಮಳೆ ಹಿಡಿದಾಗ ಹೋಗಿ ನೋಡಿದರೆ ನೆಟ್ ಕೆಳಗೆ ಹಿಮ್ಮಡಿ ಮುಳುಗುವಷ್ಟು ನೀರು ನಿಂತಿದೆ, ಪೈಪಿನ ಬಾಯಿಯಲ್ಲಿ ಕಿರುಬೆರಳಿನಷ್ಟು ಧಾರೆ. ಬೇಸಿಗೆಯಲ್ಲಿ ಅಗೆದು ತೆಗೆದೆವು. ಒಂದು ತುಂಡನ್ನು ಉದ್ದಕ್ಕೆ ಸೀಳಿದಾಗ ಒಳಗೆ ಅರ್ಧದವರೆಗೆ ನುಣ್ಣನೆಯ ಕೆಸರು, ರಾಗಿ ಅಂಬಲಿ ಹೆಪ್ಪುಗಟ್ಟಿದಂತೆ. ತೂತುಗಳನ್ನು ಮೇಲ್ಮುಖವಾಗಿ ಇಟ್ಟಿದ್ದೆವು, ಅದು ಇನ್ನೊಂದು ತಪ್ಪು. ತೂತು ಕೆಳಗಿರಬೇಕು. ಜಲ್ಲಿಯಲ್ಲಿ ಕೆಳಗಿನಿಂದ ಏರಿದ ನೀರು ಪೈಪಿಗೆ ಸೇರಿ ಹರಿದುಹೋಗುತ್ತದೆ.

ದಾರಿ ತೋರಿಸಿದ್ದು ನಮ್ಮ ಅಡಿಕೆ ತೋಟಗಳಲ್ಲಿ ಬಹಳ ವರ್ಷಗಳಿಂದ ಕಪ್ಪು, ಅಂದರೆ ನೀರು ಬಸಿಯುವ ಕಾಲುವೆ, ತೆಗೆಯುವ ಹಿರಿಯರೊಬ್ಬರು. ಅಂಗಳದ ಕಡೆ ಅವರು ನೋಡಲೇ ಇಲ್ಲ, ನೇರ ದರೆಯ ಬುಡಕ್ಕೆ ಹೋಗಿ ಮಣ್ಣು ಹಿಂಡಿ ನೋಡಿದರು. "ಮೇಷ್ಟ್ರೇ, ಒರತೆ ಇರುವುದು ಇಲ್ಲಿ. ಇದನ್ನು ಇಲ್ಲೇ ಹಿಡಿಯಿರಿ" ಎಂದರು.

ಎರಡನೆಯ ಸಲ ದರೆಯ ನೆತ್ತಿಯ ಹಿಂದೆ ಒಂದು ತೆರೆದ ಕಪ್ಪು ತೆಗೆದೆವು, ಗುಡ್ಡದ ನೀರು ಅಲ್ಲೇ ಪಕ್ಕಕ್ಕೆ ಹೋಯಿತು. ದರೆಯ ಬುಡದಲ್ಲಿ ಎರಡು ಅಡಿ ಆಳದ ಗುಂಡಿ ತೋಡಿ, ಜಿಯೋ ಬಟ್ಟೆ ಹಾಸಿ, ತೊಳೆದ 20 ಮಿಲಿಮೀಟರ್ ಜಲ್ಲಿ, ನಾಲ್ಕು ಇಂಚಿನ ಪೈಪು, ಮತ್ತೆ ಜಲ್ಲಿ ಹಾಕಿ ಬಟ್ಟೆಯನ್ನು ಮೇಲೆ ಮಡಚಿದೆವು. ನೂರಕ್ಕೆ ಒಂದರ ಇಳಿಜಾರು. ಅಂಗಳದ ಮೈಯನ್ನು ನೆಟ್ ಕೆಳಗೆ ಎತ್ತರಿಸಿ ಎರಡೂ ತುದಿಗೆ ಇಳಿಸಿದೆವು. ಹೊರಾಂಗಣ ಅಂಗಳಕ್ಕೆ ಮೀಟರಿಗೆ 5 ಮಿಲಿಮೀಟರ್ ಇಳಿಜಾರನ್ನು ಅಂತರರಾಷ್ಟ್ರೀಯ ವಾಲಿಬಾಲ್ ನಿಯಮವೇ ಒಪ್ಪುತ್ತದೆ. ನೆಟ್‌ನಿಂದ ತುದಿಯವರೆಗಿನ 12 ಮೀಟರಿಗೆ ಆರು ಸೆಂಟಿಮೀಟರ್. ಗಾರೆಯವರ ನೀರಿನ ಟ್ಯೂಬ್ ಹಿಡಿದು ಮಟ್ಟ ನೋಡುತ್ತ ಎರಡು ಭಾನುವಾರ ಕಳೆದೆವು. ಆಡುವವರ ಕಾಲಿಗೆ ಈ ಇಳಿಜಾರು ತಿಳಿಯುವುದೇ ಇಲ್ಲ.

ಪೈಪು, ಬಟ್ಟೆ, ಜಲ್ಲಿ ಎಲ್ಲ ಸೇರಿ ಮೂವತ್ತೆಂಟು ಸಾವಿರ ಆಯಿತು. ಈಗ ಮಳೆ ಹೊಳವಾಗಿ ಒಂದು ಗಂಟೆಯೊಳಗೆ ಹುಡುಗಿಯರ ತಂಡ ಅಭ್ಯಾಸಕ್ಕೆ ಇಳಿಯುತ್ತದೆ. ಇದನ್ನು ಬರೆಯುವಾಗಲೂ ನನಗೆ ಸಂತೋಷವಾಗುತ್ತದೆ.

ಈ ಪೈಪಿನಲ್ಲಿ ನನಗೆ ಕಂಡ ಕೊರತೆ ಒಂದೇ. ನಮ್ಮ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಒರತೆಯ ನೀರು ಗಾಳಿ ತಾಗಿದೊಡನೆ ಕಿತ್ತಳೆ ಬಣ್ಣದ ಲೋಳೆಯಾಗಿ ಪೈಪಿನ ಒಳಮೈಯ ಏಣುಗಳ ಸಂದಿಗೆ ಅಂಟುತ್ತದೆ. ಪೈಪಿನ ಮೇಲಿನ ತುದಿಯನ್ನು ನೆಲದ ಮೇಲಕ್ಕೆ ತಂದು ಮುಚ್ಚಳ ಹಾಕಿಕೊಳ್ಳಿ. ವರ್ಷಕ್ಕೆರಡು ಸಲ ಅದರ ಮೂಲಕ ಮೋಟರಿನಿಂದ ನೀರು ಹಾಯಿಸಬೇಕು. ಒಳಭಾಗ ನುಣುಪಾಗಿರುವ ಪೈಪು ಸಿಕ್ಕರೆ ಅದನ್ನೇ ಕೊಳ್ಳಿ, ತೊಳೆಯುವುದು ಸುಲಭ. ಹೊರಬಾಯಿಗೆ ಜಾಲರಿ ಹಾಕಿ, ಇಲ್ಲವಾದರೆ ಇಲಿ ಸೇರುತ್ತದೆ. ಅಲ್ಲಿಂದ ನೀರನ್ನು ನೇರ ಗದ್ದೆಗೆ ಬಿಡಬೇಡಿ. ನಾವು ಮೂರು ಅಡಿ ಚೌಕದ ಹೂಳುಗುಂಡಿ ಮಾಡಿ ಹಳ್ಳಕ್ಕೆ ತಿರುಗಿಸಿದ ಮೇಲೆಯೇ ಕೆಳಗಿನ ಗದ್ದೆಯವರ ಬೇಸರ ಕಳೆದದ್ದು. ಅವರ ಸಸಿಮಡಿಗೆ ಎರಡು ವರ್ಷ ನಮ್ಮ ಕೆಮ್ಮಣ್ಣು ಹೋಗಿತ್ತು.

ಮುಂದಿನ ಬೇಸಿಗೆಗೆ ಖೋ ಖೋ ಅಂಗಳದ ಕೆಲಸವಿದೆ. ಅದಕ್ಕೆ ಇಪ್ಪತ್ತು ಮೀಟರ್ ಪೈಪನ್ನಷ್ಟೇ ಕೊಳ್ಳುತ್ತೇವೆ, ಬಟ್ಟೆಯನ್ನು ಮಾತ್ರ ಒಂದು ಸುತ್ತು ಹೆಚ್ಚಿಗೆ ತರುತ್ತೇವೆ. ಕಪ್ಪು ಎಲ್ಲಿ ತೆಗೆಯಬೇಕೆಂದು ಆ ಹಿರಿಯರು ಈಗಾಗಲೇ ಗೂಟ ಹೊಡೆದು ಹೋಗಿದ್ದಾರೆ.