ವಿಟಿಯು ಇಂಟರ್ನ್‌ಶಿಪ್‌ನ ಹತ್ತು ಕ್ರೆಡಿಟ್: ತೂಕ ಸರಿಯಿದೆ, ತಕ್ಕಡಿ ಸರಿಯಾಗಬೇಕು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಇಂಟರ್ನ್‌ಶಿಪ್ ಎಂದರೆ ರಜೆಯಲ್ಲಿ ಮುಗಿಸುವ ನಾಲ್ಕು ವಾರಗಳ ಕೆಲಸವಾಗಿತ್ತು. ಎಂಜಿನಿಯರಿಂಗ್ ಪದವಿಗೆ ಗಳಿಸಬೇಕಾದ ಒಟ್ಟು 175 ಕ್ರೆಡಿಟ್‌ಗಳಲ್ಲಿ ಅದರ ಪಾಲು 3 ಮಾತ್ರ. 2022ರ ಸ್ಕೀಮ್ ಅದನ್ನು 14ರಿಂದ 20 ವಾರಗಳಿಗೆ ವಿಸ್ತರಿಸಿ, 160 ಕ್ರೆಡಿಟ್‌ಗಳಲ್ಲಿ 10ನ್ನು ಅದಕ್ಕೆ ಕೊಟ್ಟಿದೆ. ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಗೈಡ್ ಆಗಿ ಈ ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ನಾಲ್ಕು ವಾರಗಳಲ್ಲಿ ಕಾರ್ಖಾನೆಯ ಸುರಕ್ಷತಾ ನಿಯಮ, ವಿಭಾಗಗಳ ಪರಿಚಯ ಮುಗಿಯುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತಿತ್ತು. ಈಗ ಹಾಗಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಮಷಿನ್ ಶಾಪ್ ಒಂದಕ್ಕೆ ಹೋಗಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳು, ಬೆಳಿಗ್ಗೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ಚಾಲೂ ಮಾಡಿದಾಗ ಬರುವ ಪೀಸ್‌ಗಳ ಬೋರ್ (ಒಳರಂಧ್ರದ) ಅಳತೆಗೂ ಮಧ್ಯಾಹ್ನದ ಪೀಸ್‌ಗಳ ಅಳತೆಗೂ ವ್ಯತ್ಯಾಸವಿರುವುದನ್ನು ಗಮನಿಸಿ, ಬೋರ್ ಗೇಜ್ ಹಿಡಿದು ಗಂಟೆಗೊಮ್ಮೆ ಅಳೆದು ದಿನಚರಿಯಲ್ಲಿ ಬರೆದಿಡುತ್ತಾ ಹೋದಳು. ಲೇತ್‌ನ ತಿರುಗುವ ದಂಡವಾದ ಸ್ಪಿಂಡಲ್ ಬಿಸಿಯಾದಂತೆ ಅಳತೆ ಸರಿಯುತ್ತದೆ ಎಂಬುದು ಪಾಠದಲ್ಲಿಯೂ ಇದೆ. ಆದರೆ ಉತ್ಪಾದನೆ ಶುರುವಾಗುವ ಮುನ್ನ ಯಂತ್ರವನ್ನು ಖಾಲಿ ಓಡಿಸಿ ಬಿಸಿ ಮಾಡಬೇಕೆಂದು ಆಪರೇಟರ್ ಜೊತೆ ಕುಳಿತು ತೀರ್ಮಾನಿಸುವ ಮಟ್ಟಕ್ಕೆ ಅವಳು ಬಂದದ್ದು ಮೂರನೆಯ ತಿಂಗಳಲ್ಲಿ. ಹತ್ತು ಕ್ರೆಡಿಟ್ ಸಲ್ಲಬೇಕಾದದ್ದು ಇಂಥ ಕೆಲಸಕ್ಕೆ.

ಕೊರತೆಯಿರುವುದು ಮೌಲ್ಯಮಾಪನದಲ್ಲಿ. ಆಫರ್ ಲೆಟರ್, ಕಂಪ್ಲೀಷನ್ ಸರ್ಟಿಫಿಕೇಟ್, ವರದಿ, ವೈವಾ ಇಷ್ಟಾದರೆ ಕ್ರೆಡಿಟ್ ಬಂದುಬಿಡುತ್ತದೆ. ಈ ಕಾಗದಗಳನ್ನೇ ಮಾರುವ ಸಂಸ್ಥೆಗಳು ಹುಟ್ಟಿಕೊಂಡಿವೆ. ವಿದ್ಯಾರ್ಥಿಗಳಿಂದ ಶುಲ್ಕ ಪಡೆದು, ಮೊದಲೇ ಚಿತ್ರೀಕರಿಸಿದ ಪಾಠಗಳನ್ನು ತೋರಿಸಿ, ಸಿದ್ಧ ಪ್ರಾಜೆಕ್ಟ್ ಕೈಗಿಡುತ್ತವೆ. ಅಂಥ ಒಂದು ಕಡೆಯಿಂದ ಬಂದ ಬೇರೆಬೇರೆ ವಿದ್ಯಾರ್ಥಿಗಳ ವರದಿಗಳಲ್ಲಿ ಒಂದೇ ಬ್ಲಾಕ್ ಡಯಾಗ್ರಾಂ, ಅದೇ ಕಾಗುಣಿತ ದೋಷದೊಂದಿಗೆ ಕಂಡಾಗ ನನಗೆ ಆದ ಬೇಸರ ಅಷ್ಟಿಷ್ಟಲ್ಲ. ವಿದ್ಯಾರ್ಥಿಗಳನ್ನು ದೂರಿ ಪ್ರಯೋಜನವಿಲ್ಲ. ಸ್ಟೈಪೆಂಡ್ ಇಲ್ಲದೆ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಇರುವುದು ಎಲ್ಲ ಮನೆಗಳಿಗೂ ಸಾಧ್ಯವಾಗುವ ಮಾತಲ್ಲ.

ಇಂಟರ್ನ್‌ಶಿಪ್ ಇರುವ ಎಂಟನೆಯ ಸೆಮಿಸ್ಟರನ್ನು ಏಳನೆಯದರೊಂದಿಗೆ ಅದಲು ಬದಲು ಮಾಡಿಕೊಳ್ಳಲು ಕಾಲೇಜಿಗೆ ಅವಕಾಶ ಕೊಟ್ಟಿರುವುದು ಒಳ್ಳೆಯದು. ಆದರೆ ಇಂಟರ್ನ್‌ಶಿಪ್ ಜೊತೆಗೇ ಎರಡು ಆನ್‌ಲೈನ್ ವಿಷಯಗಳನ್ನೂ ಮುಗಿಸಬೇಕಾಗಿರುವುದರಿಂದ ಶಿಫ್ಟ್ ಕೆಲಸಕ್ಕೆ ಹೋಗುವವರಿಗೆ ಸಂಜೆಗಳು ಉಳಿಯುವುದಿಲ್ಲ.

ವರದಿಗಿಂತ ದಿನಚರಿಗೆ ಹೆಚ್ಚು ಅಂಕ ಸಿಗಬೇಕು, ಗೈಡ್ ಒಮ್ಮೆಯಾದರೂ ಕೆಲಸದ ಸ್ಥಳಕ್ಕೆ ಹೋಗಿ ಅಲ್ಲಿನ ಮೇಲ್ವಿಚಾರಕರೊಂದಿಗೆ ಮಾತನಾಡಬೇಕು ಎಂಬುದು ನನ್ನ ಒತ್ತಾಯ. ಅಲ್ಲಿಯವರೆಗೆ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು: ದುಡ್ಡು ಕೇಳುವ ಕಡೆ ಹೋಗಬೇಡಿ, ಬೆಳಗಾವಿಯವರಾದರೆ ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ (ಲೋಹ ಎರಕದ ಕಾರ್ಖಾನೆಗಳಲ್ಲಿ) ಮೊದಲು ವಿಚಾರಿಸಿ, ಮನೆಯಿಂದಲೇ ಓಡಾಡಬಹುದು.