ಸವಳು ಜಮೀನೋ, ಸೋಡಿಯಂ ಜಮೀನೋ: ಮೇವಿಗೆ ಯಾವುದು?

ಪುಣೆಯ ನಮ್ಮವರು ಕೆಲವರು ಬಾರಾಮತಿ, ಇಂದಾಪುರದ ಕಡೆ ಮೇವಿಗೆಂದು ಅಗ್ಗದ ಜಮೀನು ಹುಡುಕುತ್ತಿದ್ದಾರೆ. ಕೆಟ್ಟ ಮಣ್ಣಿನಲ್ಲೂ ವ್ಯತ್ಯಾಸ ಇದೆ, ನೋಡಿ ತಗೊಳ್ಳಿ.

ಸವಳು ಮಣ್ಣಿನ ಮೇಲೆ ಬಿಳಿ ಉಪ್ಪು ಕಾಣುತ್ತದೆ, ಆದರೆ ನೀರು ಇಂಗುತ್ತದೆ. ಬಸಿಗಾಲುವೆ ತೋಡಿ ಒಳ್ಳೆ ನೀರು ಹಾಯಿಸಿದರೆ ಉಪ್ಪು ತೊಳೆದು ಹೋಗುತ್ತದೆ.

ಮರಾಠಿಯವರು ಚೋಪಣ್ ಅನ್ನುವ ಸೋಡಿಯಂ ಮಣ್ಣು ಹಾಗಲ್ಲ. ಪಿಎಚ್ (ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 8.5ಕ್ಕಿಂತ ಜಾಸ್ತಿ, ಸೋಡಿಯಂನಿಂದ ಜೇಡಿ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ಮಳೆ ಬಂದರೆ ನೀರು ಮೇಲೇ ನಿಲ್ಲುತ್ತದೆ, ಒಣಗಿದರೆ ಕಲ್ಲಿನ ಹಾಗೆ ಗಟ್ಟಿ. ಸುಮ್ನೆ ನೀರು ಹಾಯಿಸಿದರೆ ಸರಿಹೋಗಲ್ಲ, ಜಿಪ್ಸಂ ಹಾಕಬೇಕು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿದ ಮೇಲೆ ಬಿಟ್ಟುಬಂದ ಸೋಡಿಯಂ ಅನ್ನು ನೀರಿನಿಂದ ತೊಳೆದು ಹೊರಹಾಕಬೇಕು. ಕೆನಡಾದ ಸಸ್ಕಾಚೆವಾನ್‌ನ ಚಳಿ, ಒಣ ಹುಲ್ಲುಗಾವಲುಗಳಲ್ಲೂ ಇದೇ ಕಾಟ. ಅಲ್ಲಿ ಮೇಲ್ಮಣ್ಣಿನ ಕೆಳಗೆ ಗುಂಡುತಲೆಯ ಕಂಬಗಳಂಥ ಗಟ್ಟಿ ಪದರ ಇರುತ್ತದೆ, ಹುಲ್ಲಿನ ಬೇರು ಇಳಿಯುವುದೇ ಕಷ್ಟ. ನಮ್ಮ ಕಡೆಯ ಕಪ್ಪು ಮಣ್ಣಂತೂ ಕಡಿಮೆ ಸೋಡಿಯಂಗೇ ಕೆಡುತ್ತದೆ.

ನಾನಾದರೆ ಸವಳನ್ನೇ ಆರಿಸುತ್ತೇನೆ. ಚೋಪಣ್ ತೀರಾ ಅಗ್ಗವಾದರೆ ಮಾತ್ರ ಕರ್ನಾಲ್ ಹುಲ್ಲು ಹಾಕಿ ನೋಡಬಹುದು, ಆ ಮೇವಿನ ಹುಲ್ಲು ಸೋಡಿಯಂ ತಾಳಿಕೊಳ್ಳುತ್ತದೆ. ಮುಂಗಡ ಕೊಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಬರೀ ಪಿಎಚ್ ಸಾಲದು, ವಿದ್ಯುತ್ ವಾಹಕತೆ (ಉಪ್ಪು ಎಷ್ಟಿದೆ ಅನ್ನುವ ಅಳತೆ), ಸೋಡಿಯಂ ಪ್ರಮಾಣ ಎರಡನ್ನೂ ಕೇಳಿ.